ರಂಗಶಾಲೆಯೋ, ವಿಶ್ವವಿದ್ಯಾಲಯವೋ?

ಓದುಗರ ಪ್ರಶ್ನೆ, ರಂಗಶಿಕ್ಷಕರ ಉತ್ತರ

ಪಿಯುಸಿ, ಪದವಿ ಫಲಿತಾಂಶ ಬಂದ ಬೆನ್ನಿಗೇ ನಾಟಕ ಕಲಿಯುವ ಬಗ್ಗೆ ಪತ್ರಗಳು ಶುರುವಾಗುತ್ತವೆ. ಈ ಸಲದವೂ ಹೆಚ್ಚಾಗಿ ಒಂದೇ ಪ್ರಶ್ನೆ ಕೇಳುತ್ತವೆ: ಎಲ್ಲಿ ಸೇರಲಿ? ಒಂದೇ ಥರದ ಪತ್ರಗಳನ್ನು ಬಿಟ್ಟು ಉಳಿದವನ್ನು ಎತ್ತಿಕೊಂಡಿದ್ದೇನೆ. ಹೆಸರು ಹಾಕಬೇಡಿ ಎಂದವರೇ ಜಾಸ್ತಿ, ಹಾಗಾಗಿ ಯಾರದನ್ನೂ ಹಾಕಿಲ್ಲ.

ಪ್ರಶ್ನೆ: ಈ ವರ್ಷ ಆರ್ಟ್ಸ್‌ನಲ್ಲಿ ಸೆಕೆಂಡ್ ಪಿಯುಸಿ ಮುಗಿಸೀನ್ರಿ ಸರ್. ಸಣ್ಣಾಂವ ಇದ್ದಾಗಿಂದ ಕಂಪನಿ ನಾಟಕದ ಹುಚ್ಚು. ಬನಶಂಕರಿ ಜಾತ್ರಿಗೆ ಹೋದ್ರ ತೇರು ನೋಡೂದ್ಕಿಂತ ನಾಟಕ ನೋಡಿದ್ದ ಹೆಚ್ಚು. ಈಗಲೇ ನಾಟಕ ಕಲಿಯಾಕ ಹೋಗಬೇಕು ಅಂತ ನನ್ನ ಆಸೆ. ಅಪ್ಪ "ಮೊದಲ ಡಿಗ್ರಿ ಮುಗಿಸು, ಆಮ್ಯಾಲ ಏನರ ಮಾಡ್ಕೊ" ಅಂತಾರ. ಯಾವುದು ಸರಿ?
— ಕೊಪ್ಪಳ ಜಿಲ್ಲೆಯಿಂದ

ಉತ್ತರ: ತಮ್ಮಾ, ನಿಮ್ಮಪ್ಪ ಹೇಳಿದ್ದು ಅರ್ಧ ಸರಿ. ಸರಿಯಾದ ಅರ್ಧವನ್ನು ಮೊದಲು ಹೇಳುತ್ತೇನೆ.

ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಅರ್ಜಿ ಹಾಕಬೇಕಾದರೆ ಪದವಿ ಆಗಿರಬೇಕು. ಯಾವ ವಿಷಯದ ಪದವಿಯಾದರೂ ನಡೆಯುತ್ತದೆ, ಆದರೆ ಇರಲೇಬೇಕು. ವಿಶ್ವವಿದ್ಯಾಲಯಗಳಲ್ಲಿ ನಾಟಕದ ಸ್ನಾತಕೋತ್ತರ ಕೋರ್ಸಿಗೂ ಅದೇ ಮೆಟ್ಟಿಲು. ಮುಂದೆ ಎಲ್ಲಾದರೂ ಕಾಲೇಜಿನಲ್ಲಿ ಪಾಠ ಹೇಳಬೇಕೆನಿಸಿದರೆ ಎಂ.ಎ. ಬೇಕು, ನೆಟ್ ಬೇಕು. ಹದಿನೆಂಟರ ಉಮೇದಿನಲ್ಲಿ ಪದವಿಯನ್ನು ಒದ್ದು ಹೋದವರು ಇಪ್ಪತ್ತೆಂಟಕ್ಕೆ ದೂರಶಿಕ್ಷಣದ ಪುಸ್ತಕ ಹಿಡಿದು ಕೂತದ್ದನ್ನು ಬೇಕಾದಷ್ಟು ನೋಡಿದ್ದೇನೆ.

ಬಿ.ವಿ. ಕಾರಂತರ ಕಥೆ ನಿಮಗೆ ಗೊತ್ತಿರಬಹುದು. ದಕ್ಷಿಣ ಕನ್ನಡದ ಮಂಚಿ ಕಡೆಯ ಹುಡುಗ ಮನೆಬಿಟ್ಟು ಓಡಿಹೋಗಿ ಗುಬ್ಬಿ ಕಂಪನಿ ಸೇರಿದರು. ನಿಮ್ಮಂಥವರು ಈ ಭಾಗವನ್ನು ಮಾತ್ರ ನೆನಪಿಟ್ಟುಕೊಳ್ಳುತ್ತೀರಿ. ಮುಂದಿನದನ್ನೂ ಕೇಳಿ. ಹುಡುಗನ ಕೈಲಿ ಏನೋ ಇದೆ ಎಂದು ಕಂಡ ಗುಬ್ಬಿ ವೀರಣ್ಣನವರೇ ಅವರನ್ನು ಬನಾರಸ್‌ಗೆ ಓದಲು ಕಳಿಸಿದರು. ಅಲ್ಲಿ ಹಿಂದಿಯಲ್ಲಿ ಎಂ.ಎ. ಆಯಿತು, ಓಂಕಾರನಾಥ ಠಾಕೂರರಲ್ಲಿ ಸಂಗೀತವೂ ಆಯಿತು. ಆಮೇಲೆ ರಾಷ್ಟ್ರೀಯ ನಾಟಕ ಶಾಲೆ. 1977ರಲ್ಲಿ ಅದೇ ಶಾಲೆಗೆ ನಿರ್ದೇಶಕರಾದರು, 1989ರಲ್ಲಿ ಮೈಸೂರಿನ ರಂಗಾಯಣ ಕಟ್ಟಿದರು. ಕಂಪನಿಯ ಯಜಮಾನರೇ ಓದಿಸಿದರು ಎಂಬುದನ್ನು ನಿಮ್ಮಪ್ಪನಿಗೂ ಹೇಳಿ, ಸಂತೋಷಪಡುತ್ತಾರೆ.

ಇನ್ನು ಉಳಿದರ್ಧ. ಡಿಗ್ರಿ ಮುಗಿಸುವ ಮೂರು ವರ್ಷ ನಾಟಕಕ್ಕೆ ರಜೆ ಎಂದು ಅಪ್ಪ ಅಂದುಕೊಂಡಿದ್ದರೆ ಅದಕ್ಕೆ ಒಪ್ಪಬೇಡಿ. ಪದವಿಯಲ್ಲೇ ನಾಟಕ ಓದಬಹುದು. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ ಇರುವುದೇ ಇಂಥ ಓದಿಗಾಗಿ. ಅದು ಬೇಡವೆಂದರೆ ಕನ್ನಡವನ್ನೋ ಇಂಗ್ಲಿಷನ್ನೋ ಮುಖ್ಯ ವಿಷಯವಾಗಿ ತೆಗೆದುಕೊಂಡು ಬಿ.ಎ. ಮಾಡಿ. ಆದರೆ ಕಾಲೇಜನ್ನು ನೋಡುವ ಮೊದಲು ಊರನ್ನು ನೋಡಿ. ವರ್ಷವಿಡೀ ತಾಲೀಮು ನಡೆಸುವ ತಂಡಗಳಿರುವ ಊರು ಬೇಕು. ಧಾರವಾಡ, ಕಲಬುರಗಿ, ಶಿವಮೊಗ್ಗ, ಮೈಸೂರು ಈ ನಾಲ್ಕೂ ಕಡೆ ರಂಗಾಯಣವಿದೆ, ಹವ್ಯಾಸಿ ತಂಡಗಳಿವೆ. ಬೆಳಿಗ್ಗೆ ಕಾಲೇಜು, ಸಂಜೆ ತಾಲೀಮು. ಮೊದಲ ವರ್ಷ ನಿಮಗೆ ಚಹಾ ತರುವ ಕೆಲಸ, ಪರದೆ ಎಳೆಯುವ ಕೆಲಸ ಸಿಗುತ್ತದೆ. ಮಾಡಿ.

ಆಮೇಲೆ ಬರುವುದು ಒಂದು ವರ್ಷದ ರಂಗಶಾಲೆಗಳ ವಿಷಯ. ಸಾಗರದ ಬಳಿಯ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1980ರಲ್ಲಿ ಆರಂಭಿಸಿದ ನೀನಾಸಂ ರಂಗಶಿಕ್ಷಣ ಕೇಂದ್ರ, ಹೊಸದುರ್ಗ ತಾಲೂಕಿನ ಸಾಣೇಹಳ್ಳಿಯ ಶಿವಕುಮಾರ ರಂಗಪ್ರಯೋಗ ಶಾಲೆ, ಮೈಸೂರು ರಂಗಾಯಣದ ಭಾರತೀಯ ರಂಗಶಿಕ್ಷಣ ಕೇಂದ್ರ ಇವೆಲ್ಲ ಕನ್ನಡದಲ್ಲೇ ಕಲಿಸುವಂಥವು. ರಾಷ್ಟ್ರೀಯ ನಾಟಕ ಶಾಲೆಯ ಬೆಂಗಳೂರು ಕೇಂದ್ರದಲ್ಲೂ ದಕ್ಷಿಣದ ರಾಜ್ಯಗಳವರಿಗೆ ಒಂದು ವರ್ಷದ ಕೋರ್ಸಿದೆ. ಅರ್ಹತೆ, ವಯಸ್ಸಿನ ಮಿತಿಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿಕೊಳ್ಳಿ. ಇವುಗಳಲ್ಲಿ ಯಾವುದು ದೊಡ್ಡದು ಎಂದು ನನ್ನನ್ನು ಕೇಳಬೇಡಿ. ಶಾಲೆಯ ಹೆಸರಿಗಿಂತ ಅಲ್ಲಿಯ ದಿನಚರಿ ಮುಖ್ಯ. ಹೋಗಿ ಎರಡು ದಿನ ಇದ್ದು ನೋಡಿ. ಎಷ್ಟು ಹೊತ್ತಿಗೆ ಏಳುತ್ತಾರೆ? ಬೆಳಗಿನ ವ್ಯಾಯಾಮವನ್ನು ಯಾರು ಮಾಡಿಸುತ್ತಾರೆ? ಮಧ್ಯಾಹ್ನದ ಪಾಠದಲ್ಲಿ ನಾಟಕದ ಪಠ್ಯ ಕೈಯಲ್ಲಿರುತ್ತದೋ, ಬರೀ ನೋಟ್ಸ್ ಇರುತ್ತದೋ? ವರ್ಷಕ್ಕೆ ಎಷ್ಟು ಪೂರ್ಣಪ್ರಮಾಣದ ನಾಟಕ ಆಡಿಸುತ್ತಾರೆ? ಸಂಜೆಯ ತಾಲೀಮು ಮುಗಿದ ಮೇಲೆ ಕಸ ಗುಡಿಸುವವರು ಯಾರು? ಕೊನೆಯ ಪ್ರಶ್ನೆಗೆ "ವಿದ್ಯಾರ್ಥಿಗಳೇ" ಎಂಬ ಉತ್ತರ ಬಂದರೆ ಅದು ಒಳ್ಳೆಯ ಲಕ್ಷಣ.

ಪ್ರಶ್ನೆ: ನನ್ನ ಮಗಳು ಬಿ.ಎಸ್ಸಿ. ಮುಗಿಸಿದ್ದಾಳೆ. ಎಂ.ಎಸ್ಸಿ. ಸೀಟು ಸಿಕ್ಕರೂ ಬೇಡವೆಂದು ರಂಗಶಾಲೆಗೆ ಅರ್ಜಿ ಹಾಕಿದ್ದಾಳೆ. ಅವಳ ಆಸೆಗೆ ಅಡ್ಡ ಬರುವ ಮನಸ್ಸಿಲ್ಲ. ಆದರೆ ನಾಳೆ ಹೊಟ್ಟೆಗೇನು ಮಾಡುತ್ತಾಳೆ? ರಾತ್ರಿ ತನಕ ತಾಲೀಮು ಅಂತಾರೆ, ಹೆಣ್ಣುಮಕ್ಕಳಿಗೆ ಅಲ್ಲಿ ಹೇಗೆ? ನೆಂಟರಿಗೆ ಏನು ಹೇಳಲಿ?
— ದಾವಣಗೆರೆಯ ಒಬ್ಬ ತಾಯಿ

ಉತ್ತರ: ಅಮ್ಮಾ, ನೆಂಟರಿಗೆ ಏನೂ ಹೇಳಬೇಡಿ. ಉಳಿದೆರಡು ಪ್ರಶ್ನೆಗಳಿಗೆ ಬರೋಣ.

ಹೊಟ್ಟೆಪಾಡಿನ ವಿಷಯದಲ್ಲಿ ನಿಮಗೆ ಸುಳ್ಳು ಭರವಸೆ ಕೊಡಲಾರೆ. ಬರೀ ನಾಟಕದಲ್ಲಿ ನಟಿಸಿ ಸಂಸಾರ ತೂಗಿಸುವವರು ಕರ್ನಾಟಕದಲ್ಲಿ ಬಹಳ ಕಡಿಮೆ. ರೆಪರ್ಟರಿ ಸೇರಿದರೆ ಸಂಬಳ ಬರುತ್ತದೆ, ಊಟ ವಸತಿ ಇರುತ್ತದೆ. ಅದು ಸಣ್ಣ ಸಂಬಳ, ಅದೂ ಹೆಚ್ಚಾಗಿ ವರ್ಷ ವರ್ಷದ ಕರಾರು. ನೀನಾಸಂ ತಿರುಗಾಟ 1985ರಿಂದ, ಸಾಣೇಹಳ್ಳಿಯ ಶಿವಸಂಚಾರ 1997ರಿಂದ ಊರೂರು ಸುತ್ತುತ್ತಿವೆ. ಕಲಿತು ಹೊರಬಂದ ಹುಡುಗ ಹುಡುಗಿಯರ ಮೊದಲ ನೌಕರಿ ಹೆಚ್ಚಾಗಿ ಇಂಥ ತಿರುಗಾಟವೇ. ಒಂದೇ ನಾಟಕವನ್ನು ಇವತ್ತು ಕಾಲೇಜಿನ ಸಭಾಂಗಣದಲ್ಲಿ, ನಾಳೆ ಎಪಿಎಂಸಿ ಯಾರ್ಡಿನಲ್ಲಿ, ನಾಡಿದ್ದು ಮೈಕು ಕೈಕೊಟ್ಟ ಮದುವೆ ಛತ್ರದಲ್ಲಿ ಆಡಿದವಳಿಗೆ ಆಮೇಲೆ ಯಾವ ವೇದಿಕೆಯೂ ಹೆದರಿಕೆ ಹುಟ್ಟಿಸುವುದಿಲ್ಲ.

ಅದಾದ ಮೇಲೆ ದಾರಿಗಳು ಕವಲೊಡೆಯುತ್ತವೆ. ಖಾಸಗಿ ಶಾಲೆಗಳು ಈಗ ನಾಟಕದ ಮೇಷ್ಟ್ರುಗಳನ್ನು ಇಟ್ಟುಕೊಳ್ಳುತ್ತಿವೆ. ಸರ್ಕಾರಿ ಪ್ರೌಢಶಾಲೆಗಳಿಗೂ ನಾಟಕ ಶಿಕ್ಷಕರನ್ನು ನೇಮಿಸಿಕೊಂಡದ್ದುಂಟು, ಆದರೆ ಆ ಬಾಗಿಲು ಯಾವಾಗ ತೆರೆಯುತ್ತದೋ ಹೇಳಲಾಗದು. ಅದನ್ನೇ ನಂಬಿ ಕೂರಬೇಡಿ. ಬೇಸಿಗೆ ಶಿಬಿರ, ಕಾಲೇಜುಗಳ ಯುವಜನೋತ್ಸವಕ್ಕೆ ನಿರ್ದೇಶನ, ಧಾರಾವಾಹಿ, ಡಬ್ಬಿಂಗ್, ವಸ್ತ್ರವಿನ್ಯಾಸ, ಬೆಳಕು ಹೀಗೆ ನಾಲ್ಕು ಕಡೆಯಿಂದ ನಾಲ್ಕು ಕಾಸು ಒಟ್ಟಾಗಿ ಬದುಕು ನಡೆಯುತ್ತದೆ. ವಿಜ್ಞಾನ ಓದಿದವಳೆಂದು ಬರೆದಿದ್ದೀರಿ. ಮಕ್ಕಳಿಗೆ ವಿಜ್ಞಾನ ನಾಟಕ ಮಾಡಿಸಲು ಇಂಥವರನ್ನೇ ಶಾಲೆಗಳು ಹುಡುಕುತ್ತವೆ. ಆ ಡಿಗ್ರಿ ದಂಡವಾಯಿತೆಂದು ಕೊರಗಬೇಡಿ.

ಸುರಕ್ಷತೆಯ ಬಗ್ಗೆ ನೀವು ಕೇಳಿದ್ದು ಒಳ್ಳೆಯದಾಯಿತು. ಕೇಳಬೇಕಾದದ್ದು ನನ್ನನ್ನಲ್ಲ, ಸಂಸ್ಥೆಯನ್ನು. ಸಂದರ್ಶನದ ದಿನ ಮಗಳ ಜೊತೆ ನೀವೂ ಹೋಗಿ. ಹೆಣ್ಣುಮಕ್ಕಳ ವಸತಿ ಎಲ್ಲಿದೆ, ವಾರ್ಡನ್ ಅಲ್ಲೇ ಉಳಿಯುತ್ತಾರೋ ಹೇಗೆ, ರಾತ್ರಿ ತಾಲೀಮು ಮುಗಿದ ಮೇಲೆ ಹಾಸ್ಟೆಲಿಗೆ ಹೋಗುವ ದಾರಿಯಲ್ಲಿ ದೀಪ ಇದೆಯೋ ಇಲ್ಲವೋ ಕಣ್ಣಾರೆ ನೋಡಿ. ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಕಾನೂನಿನ ಪ್ರಕಾರ ಇರಲೇಬೇಕು. ಅದರಲ್ಲಿ ಯಾರಿದ್ದಾರೆ, ಹೊರಗಿನವರೊಬ್ಬರು ಇದ್ದಾರೆಯೇ ಎಂದು ವಿಚಾರಿಸಿ. ನಾಟಕದ ಪಾಠದಲ್ಲಿ ಒಬ್ಬರ ಮೈ ಒಬ್ಬರಿಗೆ ತಾಗುತ್ತದೆ, ಮೇಷ್ಟ್ರು ಭುಜ ಹಿಡಿದು ತಿದ್ದುತ್ತಾರೆ. ಅದರಲ್ಲಿ ಸರಿ ಯಾವುದು, ಸಲ್ಲದ್ದು ಯಾವುದು ಎಂಬುದನ್ನು ಮೊದಲ ವಾರವೇ ಮಕ್ಕಳಿಗೆ ಬಿಡಿಸಿ ಹೇಳುವ ಶಾಲೆ ಒಳ್ಳೆಯ ಶಾಲೆ. ಈ ಪ್ರಶ್ನೆಗಳಿಗೆ ಮುಖ ಸಿಂಡರಿಸುವ ಕಡೆಗೆ ಮಗಳನ್ನು ಕಳಿಸಬೇಡಿ, ಅದು ಎಷ್ಟೇ ಹೆಸರುವಾಸಿಯಾಗಿರಲಿ.

ಪ್ರಶ್ನೆ: ಸರ್, ನಾಟಕ ಕಲಿತರೆ ಸಿನಿಮಾದಲ್ಲಿ ಚಾನ್ಸ್ ಬೇಗ ಸಿಗುತ್ತಾ?
— ತುಮಕೂರಿನಿಂದ

ಉತ್ತರ: ರಂಗಾಯಣ ರಘು, ಅಚ್ಯುತ್ ಕುಮಾರ್, ಸತೀಶ್ ನೀನಾಸಂ ಇವರನ್ನು ನೋಡಿ ಕೇಳುತ್ತಿದ್ದೀರಿ ಎಂದುಕೊಂಡಿದ್ದೇನೆ. ಸಿಗಬಹುದು, ಬೇಗ ಸಿಗುತ್ತದೆ ಎನ್ನಲಾರೆ. ಸಿನಿಮಾಕ್ಕೆಂದೇ ಬಂದವರು ರಂಗಶಾಲೆಯಲ್ಲಿ ಮೂರನೆಯ ತಿಂಗಳಿಗೆ ಸುಸ್ತಾಗುತ್ತಾರೆ, ಯಾಕೆಂದರೆ ಅಲ್ಲಿ ಮುಖಕ್ಕಿಂತ ಮುಂಚೆ ಬೆನ್ನು, ಕಾಲು, ಉಸಿರು ಪಳಗಬೇಕು. ಕ್ಯಾಮೆರಾವೇ ಗುರಿಯಾದರೆ ಫಿಲ್ಮ್ ಶಾಲೆಗೆ ಅರ್ಜಿ ಹಾಕಿ. ರಂಗಶಾಲೆಯಲ್ಲಿ ನಿಮ್ಮ ಸೀಟು ಬೇರೆ ಯಾರಿಗಾದರೂ ಬೇಕಾಗಿರುತ್ತದೆ.

ಪ್ರಶ್ನೆ: ರಾಷ್ಟ್ರೀಯ ನಾಟಕ ಶಾಲೆಯ ಆಯ್ಕೆಗೆ ತಯಾರಿ ನಡೆಸಿದ್ದೇನೆ. ಪದವಿ ಆಗಿದೆ, ಊರಿನ ತಂಡದಲ್ಲಿ ನಾಟಕಗಳನ್ನೂ ಮಾಡಿದ್ದೇನೆ. ನನ್ನ ಹಿಂದಿ ತೀರಾ ಕಚ್ಚಾ. ಆಡಿಷನ್‌ಗೆ 'ತುಘಲಕ್' ನಾಟಕದ ಒಂದು ಮಾತು ಕಲಿಯುತ್ತಿದ್ದೇನೆ. ಹೇಗೆ ತಯಾರಾಗಬೇಕು?
— ಮಂಡ್ಯದಿಂದ

ಉತ್ತರ: ಮೊದಲು ಕಾಗದಪತ್ರ. ಕನಿಷ್ಠ ಆರು ನಾಟಕಗಳಲ್ಲಿ ಕೆಲಸ ಮಾಡಿದ ಅನುಭವ ಕೇಳುತ್ತಾರೆ. ನಟನೆಯೇ ಆಗಬೇಕೆಂದಿಲ್ಲ, ನೇಪಥ್ಯವೂ ಸಲ್ಲುತ್ತದೆ. ನಮ್ಮ ಹುಡುಗರು ನಾಟಕ ಮಾಡುತ್ತಾರೆ, ಕರಪತ್ರ ಎಸೆದುಬಿಡುತ್ತಾರೆ. ಇಂದಿನಿಂದಲೇ ಕರಪತ್ರ, ಫೋಟೊ, ಪತ್ರಿಕೆಯಲ್ಲಿ ಬಂದ ಸುದ್ದಿ ಎಲ್ಲವನ್ನೂ ಒಂದು ಫೈಲಿಗೆ ಹಾಕಿಡಿ. ತಂಡದ ನಿರ್ದೇಶಕರಿಂದ ಪತ್ರ ಬರೆಸಿಕೊಳ್ಳಿ.

ಹಿಂದಿಯ ಬಗ್ಗೆ ತೀರಾ ಹೆದರಬೇಡಿ, ಹಾಗೆಂದು ಉಡಾಫೆಯೂ ಬೇಡ. ಬಿ. ಜಯಶ್ರೀ, ಪ್ರಸನ್ನ, ಸಿ.ಆರ್. ಜಂಬೆ, ಕೆ.ವಿ. ಅಕ್ಷರ, ಸಿ. ಬಸವಲಿಂಗಯ್ಯ ಎಲ್ಲರೂ ಕನ್ನಡ ನೆಲದಿಂದ ಹೋಗಿ ಅಲ್ಲಿ ಕಲಿತು ಬಂದವರೇ. ಆದರೆ ಪಾಠ, ತಾಲೀಮು, ಹಾಸ್ಟೆಲಿನ ಜಗಳ ಎಲ್ಲವೂ ಹಿಂದಿಯಲ್ಲೇ ನಡೆಯುತ್ತದೆ. ಮೊದಲ ವರ್ಷ ಎಲ್ಲರೂ ಎಲ್ಲವನ್ನೂ ಕಲಿಯಬೇಕು. ಎರಡನೆಯ ವರ್ಷದಿಂದ ನಟನೆ ಒಂದು ದಾರಿ, ವಿನ್ಯಾಸ ಮತ್ತು ನಿರ್ದೇಶನ ಇನ್ನೊಂದು ದಾರಿ. ನಟನೆ ಬೇಕೆಂದರೆ ನಾಲಗೆ ಪಳಗಲೇಬೇಕು. ಧರ್ಮವೀರ ಭಾರತಿಯವರ 'ಅಂಧಾ ಯುಗ್', ಮೋಹನ್ ರಾಕೇಶರ 'ಆಷಾಢ್ ಕಾ ಏಕ್ ದಿನ್' ತಂದಿಟ್ಟುಕೊಂಡು ದಿನಾ ಎರಡು ಪುಟ ಗಟ್ಟಿಯಾಗಿ ಓದಿ. ಮಹಾಪ್ರಾಣ ನಮ್ಮ ಹಳೇ ಮೈಸೂರಿನವರ ಬಾಯಲ್ಲಿ ಸುಲಭಕ್ಕೆ ಹೊರಡುವುದಿಲ್ಲ. ಅದಕ್ಕೇ ಬೇರೆ ಅಭ್ಯಾಸ ಮಾಡಿ.

ಈಗ 'ತುಘಲಕ್'. ನಿಮ್ಮ ಪತ್ರದಲ್ಲಿ ಯಾವ ದೃಶ್ಯವೆಂದು ಬರೆದಿಲ್ಲ, ಆದರೂ ಊಹಿಸಬಲ್ಲೆ. ದೌಲತಾಬಾದಿನ ಕೋಟೆಯ ಮೇಲೆ ಸರಿರಾತ್ರಿ ಸುಲ್ತಾನ ತನ್ನ ಪ್ರಾಯದ ದಿನಗಳನ್ನು ನೆನೆಯುವ ಮಾತಲ್ಲವೇ? ಹತ್ತರಲ್ಲಿ ಆರು ಜನ ಅದನ್ನೇ ತರುತ್ತಾರೆ. ತರಲಿ, ಕಾರ್ನಾಡರು ಬರೆದಿರುವುದೇ ಹಾಗೆ. ಆದರೆ ಆ ಆರು ಜನರೂ ಆಕಾಶ ನೋಡಿಕೊಂಡು, ಕಣ್ಣರಳಿಸಿ, ಮೊದಲ ವಾಕ್ಯದಿಂದಲೇ ದುರಂತ ನಾಯಕರಾಗಿಬಿಡುತ್ತಾರೆ. ಅಲ್ಲಿ ಇನ್ನೊಬ್ಬನಿದ್ದಾನೆ ಎಂಬುದನ್ನೇ ಮರೆಯುತ್ತಾರೆ. ಎದುರಿಗೆ ನಿಂತವನು ಹತ್ತೊಂಬತ್ತರ ಕಾವಲುಗಾರ ಹುಡುಗ. ಅವನಿಗೆ ಸುಲ್ತಾನರ ಮಾತು ತಲೆಬುಡ ಅರ್ಥವಾಗುತ್ತಿಲ್ಲ. ನಡುರಾತ್ರಿ ದೊರೆಯೇ ಬಂದು ಪಕ್ಕದಲ್ಲಿ ನಿಂತಿದ್ದಾನೆಂಬ ಗಾಬರಿ ಬೇರೆ.

ಹೀಗೆ ಮಾಡಿ. ನಿಮ್ಮ ತಂಡದ ಒಬ್ಬ ಹುಡುಗನನ್ನು ಎದುರಿಗೆ ನಿಲ್ಲಿಸಿಕೊಳ್ಳಿ. ಅವನು ಏನೂ ನಟಿಸಬಾರದು, ಸುಮ್ಮನೆ ಕೇಳಬೇಕು. ಮಾತನ್ನು ಮೂರು ತುಂಡು ಮಾಡಿ. ಮೊದಲ ತುಂಡಿನಲ್ಲಿ ಆ ಹುಡುಗನ ವಯಸ್ಸು ಸುಲ್ತಾನನಿಗೆ ತನ್ನ ವಯಸ್ಸನ್ನು ನೆನಪಿಸುತ್ತದೆ. ಅಲ್ಲಿ ಇರುವುದು ಕುತೂಹಲ, ದುಃಖ ಇನ್ನೂ ಬಂದಿಲ್ಲ. ಎರಡನೆಯದರಲ್ಲಿ ಕೋಟೆ ಕಟ್ಟಿಸಿದ ಹೆಮ್ಮೆ ಇದೆ, ಆ ಹೆಮ್ಮೆಗೆ ನಿಜವಾದ ಖುಷಿ ಕೊಡಿ. ಮೂರನೆಯದರಲ್ಲಿ ಮಾತ್ರ ನೆಲ ಕುಸಿಯುತ್ತದೆ. ಪ್ರತಿ ತುಂಡಿನ ಕೊನೆಗೂ ಹುಡುಗನ ಮುಖ ನೋಡಿ: ಇವನಿಗೆ ಅರ್ಥವಾಯಿತೇ? ಆಗಲಿಲ್ಲ. ಅದಕ್ಕೇ ಇನ್ನಷ್ಟು ಹೇಳಬೇಕೆನಿಸುತ್ತದೆ. ಹೀಗೆ ಒಂದು ವಾರ ಮಾಡಿದ ಮೇಲೆ ಹುಡುಗನನ್ನು ಮನೆಗೆ ಕಳಿಸಿ, ಬರೀ ಜಾಗ ಇಟ್ಟುಕೊಂಡು ಮಾಡಿ. ಪರೀಕ್ಷಕರು ನಿಮ್ಮ ದನಿಯ ಗಾತ್ರಕ್ಕಿಂತ ಹೆಚ್ಚಾಗಿ ನೀವು ಯಾರ ಜೊತೆ ಮಾತಾಡುತ್ತಿದ್ದೀರಿ ಎಂಬುದನ್ನು ನೋಡುತ್ತಾರೆ.

ಕನ್ನಡದಲ್ಲಿ ಸಿ.ಆರ್. ಸಿಂಹ, ದೆಹಲಿಯ ಹಳೇ ಕೋಟೆಯಲ್ಲಿ ಅಲ್ಕಾಜಿಯವರ ಪ್ರಯೋಗದಲ್ಲಿ ಮನೋಹರ್ ಸಿಂಗ್ ಈ ಪಾತ್ರ ಮಾಡಿ ದಂತಕಥೆಯಾದವರು. ಅವರ ಧಾಟಿಯ ಹಿಂದೆ ಹೋಗಬೇಡಿ. ಇನ್ನೊಂದು ಸಂಗತಿ ನಿಮಗೆ ಧೈರ್ಯ ಕೊಡಬಹುದು: ಈ ನಾಟಕವನ್ನು ಹಿಂದಿಗೆ ತಂದದ್ದು ಕನ್ನಡದ ಬಿ.ವಿ. ಕಾರಂತರೇ. ಕನ್ನಡ ಮೂಲವನ್ನೂ ಅವರ ಹಿಂದಿಯನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿ. ಮಾತಿನ ಅರ್ಥ ಕನ್ನಡದಲ್ಲಿ ಮೈಗೆ ಇಳಿದರೆ ಹಿಂದಿ ತಡವರಿಸಿದರೂ ನಟನೆ ತಡವರಿಸುವುದಿಲ್ಲ.

ಮೊದಲ ಸುತ್ತು ದಾಟಿದರೆ ದೆಹಲಿಯಲ್ಲಿ ಕೆಲವು ದಿನಗಳ ಕಾರ್ಯಾಗಾರವೇ ಅಂತಿಮ ಪರೀಕ್ಷೆ. ಅಲ್ಲಿ ಗುಂಪಿನಲ್ಲಿ ಹೇಗಿರುತ್ತೀರಿ ಎಂಬುದನ್ನು ಗಮನಿಸುತ್ತಾರೆ. ಪ್ರತಿಯೊಂದಕ್ಕೂ ಮುಂದೆ ನುಗ್ಗಬೇಡಿ, ಮೂಲೆಗೂ ಸೇರಬೇಡಿ. ಆಯ್ಕೆಯಾಗದಿದ್ದರೆ ಮುಂದಿನ ವರ್ಷ ಮತ್ತೆ ಹಾಕಿ. ಮೊದಲ ಸಲವೇ ಆದವರಿಗಿಂತ ಎರಡನೆಯ, ಮೂರನೆಯ ಸಲಕ್ಕೆ ಆದವರೇ ನನಗೆ ಹೆಚ್ಚು ಗೊತ್ತು. ನಡುವಿನ ವರ್ಷವನ್ನು ಕನ್ನಡದ ಯಾವುದಾದರೂ ರಂಗಶಾಲೆಯಲ್ಲಿ ಕಳೆದರೆ ಲಾಭ ಎರಡೂ ಕಡೆ.

ಪ್ರಶ್ನೆ: ವಿಶ್ವವಿದ್ಯಾಲಯವೊಂದರಲ್ಲಿ ನಾಟಕದ ಸ್ನಾತಕೋತ್ತರ ಪದವಿಗೆ ಓದುತ್ತಿದ್ದೇನೆ. ಎರಡು ಸೆಮಿಸ್ಟರ್ ಆದರೂ ಒಂದು ನಾಟಕ ಆಡಿಲ್ಲ. ನೋಟ್ಸ್ ಬರೆಸುತ್ತಾರೆ, ಸೆಮಿನಾರ್ ಮಾಡಿಸುತ್ತಾರೆ. ಕಾಯಂ ಅಧ್ಯಾಪಕರು ಒಬ್ಬರೇ, ಉಳಿದವರು ಅತಿಥಿಗಳು. ಬಿಟ್ಟು ರಂಗಶಾಲೆಗೆ ಹೋಗಲೇ?
— ಹೆಸರು, ಊರು ಎರಡೂ ಬೇಡ

ಉತ್ತರ: ಬಿಡಬೇಡಿ. ನಿಮ್ಮ ದೂರು ಸುಳ್ಳಲ್ಲ. ಇಂಥ ವಿಭಾಗಗಳಿಗೆ ವೇದಿಕೆಯಿಲ್ಲ, ದೀಪಗಳಿಲ್ಲ, ಪ್ರೊಡಕ್ಷನ್ನಿಗೆ ದುಡ್ಡಿಲ್ಲ. ನಾಟಕವನ್ನು ಇತಿಹಾಸದ ಪಾಠದಂತೆ ಕಲಿಸಿ ಪರೀಕ್ಷೆ ತೆಗೆದುಕೊಳ್ಳುವುದು ಅಲ್ಲಿ ಸಲೀಸು. ಅದು ಸರಿಯಲ್ಲವೆಂದು ನಾನೂ ಹೇಳುತ್ತಲೇ ಇದ್ದೇನೆ. ಆದರೆ ರಂಗಶಾಲೆಯಲ್ಲಿ ಸಿಗದ ಎರಡು ಸವಲತ್ತು ನಿಮಗಿವೆ: ಸಮಯ ಮತ್ತು ಗ್ರಂಥಾಲಯ. ಅಲ್ಲಿನ ಹುಡುಗ ಬೆಳಿಗ್ಗೆ ವ್ಯಾಯಾಮ, ಸಂಜೆ ತಾಲೀಮು ಮುಗಿಸಿ ಪುಸ್ತಕ ತೆರೆಯುವ ಹೊತ್ತಿಗೆ ಕಣ್ಣು ಮುಚ್ಚಿಹೋಗಿರುತ್ತದೆ. ನಿಮಗೆ ಆ ಗೋಳಿಲ್ಲ.

ಆದ್ದರಿಂದ ಓದಿ. ಪರೀಕ್ಷೆಗಲ್ಲ, ಜೋಡಿ ಮಾಡಿಕೊಂಡು ಓದಿ. ಬಿ.ಎಂ.ಶ್ರೀ. ಅವರ 'ಅಶ್ವತ್ಥಾಮನ್' ಜೊತೆಗೆ ಅದರ ಹಿಂದಿರುವ ಸೊಫೊಕ್ಲಿಸನ 'ಅಜಾಕ್ಸ್'. ಕುವೆಂಪು ಅವರ 'ರಕ್ತಾಕ್ಷಿ' ಜೊತೆಗೆ 'ಹ್ಯಾಮ್ಲೆಟ್'. ಹೊರಗಿನ ಕಥೆ ಕನ್ನಡದ ಅಂಗಳಕ್ಕೆ ಬಂದಾಗ ಯಾವ ಪಾತ್ರದ ಮಾತು ಉದ್ದವಾಯಿತು, ಯಾವುದು ಮಾಯವಾಯಿತು ಎಂದು ಪೆನ್ಸಿಲ್ಲಿನಲ್ಲಿ ಗುರುತು ಹಾಕುತ್ತ ಹೋಗಿ. ಭರತನನ್ನು ಗೈಡುಗಳಲ್ಲಿ ಓದಬೇಡಿ. ಶ್ರೀರಂಗರು 'ನಾಟ್ಯಶಾಸ್ತ್ರ'ವನ್ನು ಕನ್ನಡಕ್ಕೆ ತಂದಿದ್ದಾರೆ, ಅದನ್ನೇ ಹಿಡಿಯಿರಿ. ಮೊದಲು ರಂಗಮಂದಿರದ ಅಳತೆಗಳ ಅಧ್ಯಾಯ ಓದಿ ಕಾಗದದ ಮೇಲೆ ನಕ್ಷೆ ಬಿಡಿಸಿ ನೋಡಿ. ರಸದ ಚರ್ಚೆಗೆ ಆಮೇಲೆ ಹೋದರಾಯಿತು.

ಸಂಶೋಧನೆಯ ವಿಷಯ ಹುಡುಕುವಾಗಲೂ "ಕನ್ನಡ ರಂಗಭೂಮಿ: ಒಂದು ಅಧ್ಯಯನ" ಎಂಬಂಥದ್ದು ಬೇಡ. ಮೇಲೆ ಕೊಪ್ಪಳದ ಹುಡುಗ ಬರೆದ ಬನಶಂಕರಿ ಜಾತ್ರೆಯನ್ನೇ ತೆಗೆದುಕೊಳ್ಳಿ. ಚಳಿಗಾಲದ ಆ ಜಾತ್ರೆಗೆ ಉತ್ತರ ಕರ್ನಾಟಕದ ಕಂಪನಿಗಳು ಟೆಂಟ್ ಹಾಕಿ ವಾರಗಟ್ಟಲೆ ಆಡುತ್ತವೆ. ಒಂದು ಸೀಜನ್ ಅಲ್ಲೇ ಕೂತು, ಕರಪತ್ರ, ಗೋಡೆಯ ಪೋಸ್ಟರು, ಗೇಟಿನ ಲೆಕ್ಕದ ಪುಸ್ತಕ, ಹಾರ್ಮೋನಿಯಂ ಮಾಸ್ತರರ ಹಾಡಿನ ವಹಿ ಇವನ್ನೆಲ್ಲ ಅವರ ಅನುಮತಿ ಪಡೆದು ಪ್ರತಿ ಮಾಡಿಕೊಂಡರೆ ಪಿಎಚ್‌.ಡಿ.ಗೆ ಸಾಕಾಗಿ ಮಿಗುವಷ್ಟು ಸಾಮಗ್ರಿ. ಹಾಸ್ಯದ ಮಾತು ಒಂದು ಆಟದಿಂದ ಇನ್ನೊಂದು ಆಟಕ್ಕೆ ಹೇಗೆ ಬದಲಾಗುತ್ತದೆ ಎಂಬುದಿಷ್ಟನ್ನೇ ಬರೆದರೂ ಹೊಸದು. ಆ ಮಾಸ್ತರರು ಬದುಕಿರುವಾಗಲೇ ಹೋಗಬೇಕು, ಅಷ್ಟೆ.

ನಾಟಕ ಆಡಿಲ್ಲ ಎಂದಿರಿ. ವಿಭಾಗ ಆಡಿಸುವವರೆಗೆ ಕಾಯುವುದೇಕೆ? ತರಗತಿಯ ಬೆಂಚುಗಳನ್ನು ಗೋಡೆಗೆ ಸರಿಸಿ. ಕೈಲಾಸಂ ಅವರ ಒಂದು ಪುಟ್ಟ ನಾಟಕಕ್ಕೆ ನಾಲ್ಕು ಜನ, ಎರಡು ಕುರ್ಚಿ, ಒಂದು ಟ್ಯೂಬ್‌ಲೈಟು ಇದ್ದರೆ ಮುಗಿಯಿತು. ಅತಿಥಿ ಉಪನ್ಯಾಸಕರಲ್ಲಿ ಒಬ್ಬರಾದರೂ ಸಂಜೆ ಉಳಿಯಲು ಒಪ್ಪುತ್ತಾರೆ. ಅವರಿಗೂ ಬರೀ ನೋಟ್ಸ್ ಕೊಟ್ಟು ಬೇಜಾರಾಗಿರುತ್ತದೆ. ಪದವಿ ಮುಗಿದ ಮೇಲೆ ರಂಗಶಾಲೆಗೆ ಹೋಗಿ. ಆಗ ನೆಟ್ ಕೂಡ ಬರೆಯಬಹುದು. ಅದರಲ್ಲಿ ನೃತ್ಯ, ನಾಟಕ, ರಂಗಭೂಮಿ ಸೇರಿ ಒಂದೇ ವಿಷಯ, ಹಾಗಾಗಿ ಭರತನಾಟ್ಯ, ಕಥಕ್ಕಳಿಯ ಪ್ರಶ್ನೆಗಳಿಗೂ ತಯಾರಿರಬೇಕು.

ಪ್ರಶ್ನೆ: ಬಡಗುತಿಟ್ಟಿನಲ್ಲಿ ಹೆಜ್ಜೆ ಕಲಿತು ಮೇಳದಲ್ಲಿ ಪುಂಡುವೇಷ ಮಾಡುತ್ತಿದ್ದೇನೆ. ನಾಟಕ ಶಾಲೆಗೆ ಹೋಗುವ ಮನಸ್ಸಾಗಿದೆ. "ಅಲ್ಲಿಗೆ ಹೋದ್ರೆ ಯಕ್ಷಗಾನ ಕೆಡುತ್ತದೆ, ಎರಡಕ್ಕೂ ಸಲ್ಲದವನಾಗ್ತೀಯ ಮಾರಾಯ" ಅಂತ ಹಿರಿಯ ವೇಷಧಾರಿಗಳು ಹೆದರಿಸ್ತಾರೆ. ಹೌದೇ?
— ಕುಂದಾಪುರದ ಕಡೆಯಿಂದ

ಉತ್ತರ: ಅವರ ಹೆದರಿಕೆಗೆ ಕಾರಣವಿದೆ. ಮೇಳ ಬಿಟ್ಟು ಹೋದ ಹುಡುಗರು ವಾಪಸು ಬಂದಾಗ ತಾಳ ತಪ್ಪುತ್ತದೆ, ಚಂಡೆಗೆ ಮೈ ಏಳುವುದಿಲ್ಲ. ಹೋಗುವುದಾದರೆ ರಜೆಯಲ್ಲಿ ಊರಿಗೆ ಬಂದು ಭಾಗವತರ ಎದುರು ಕುಣಿಯುವುದನ್ನು ಬಿಡಬೇಡಿ.

ಆದರೆ ಕೆಡುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ. 'ಹಯವದನ'ದ ಭಾಗವತ, ಅರ್ಧಪಟ ಬಂದದ್ದು ನಿಮ್ಮ ರಂಗಸ್ಥಳದ ಕಡೆಯಿಂದಲೇ. ಕಾರಂತರು ರಾಷ್ಟ್ರೀಯ ನಾಟಕ ಶಾಲೆಯ ರೆಪರ್ಟರಿಗೆ 'ಮ್ಯಾಕ್‌ಬೆತ್' ನಾಟಕವನ್ನು 'ಬರ್ನಮ್ ವನ್' ಎಂದು ಹಿಂದಿಯಲ್ಲಿ ಮಾಡಿಸಿದಾಗ ಯಕ್ಷಗಾನದ ಚಲನೆಯನ್ನೇ ಹಿಡಿದರು. ಉಡುಪಿಯ ಯಕ್ಷಗಾನ ಕೇಂದ್ರದಲ್ಲಿ ಬನ್ನಂಜೆ ಸಂಜೀವ ಸುವರ್ಣರು ನಾಟಕ ಶಾಲೆಯ ವಿದ್ಯಾರ್ಥಿಗಳಿಗೆ ಹೆಜ್ಜೆ ಕಲಿಸಿದ್ದಾರೆ. ದೆಹಲಿಯವರು ಹುಡುಕಿಕೊಂಡು ಬರುವುದು ನಿಮ್ಮ ಮೈಯಲ್ಲಿ ಆಗಲೇ ಇದೆ.

ನಿಮಗೆ ಕಷ್ಟವಾಗುವುದು ಬೇರೆ ಕಡೆ. ಮೇಳದಲ್ಲಿ ಪ್ರವೇಶವೆಂದರೆ ಅಬ್ಬರ. ರಂಗಶಾಲೆಯಲ್ಲಿ ಮೇಷ್ಟ್ರು "ಬಾಗಿಲು ತೆಗೆದು ಒಳಗೆ ಬಾ, ಚಪ್ಪಲಿ ಬಿಡು, ನೀರು ಕುಡಿ" ಎನ್ನುತ್ತಾರೆ. ಅಷ್ಟನ್ನು ಕುಣಿತವಿಲ್ಲದೆ ಮಾಡುವುದು ನಿಮಗೆ ಯುದ್ಧದ ಪದ್ಯಕ್ಕಿಂತ ತ್ರಾಸ ಕೊಡುತ್ತದೆ. ಎದೆಯುಬ್ಬಿಸಿ ನಿಲ್ಲುವ ಅಭ್ಯಾಸ ಭುಜದಲ್ಲಿ ಕೂತುಬಿಟ್ಟಿರುತ್ತದೆ, ಅದನ್ನು ಬೇಕಾದಾಗ ಇಳಿಸಿಡುವುದನ್ನು ಕಲಿಯಬೇಕು. ಇನ್ನು ಮಾತಿನ ವಿಷಯ. ಅರ್ಥಗಾರಿಕೆಯಲ್ಲಿ ಪಳಗಿದವರು ಎದುರಾಳಿಯ ಮಾತಿಗೆ ನಿಂತಲ್ಲೇ ಉತ್ತರ ಹೆಣೆಯುತ್ತಾರೆ. ನಗರದ ಹುಡುಗರು ಇಂಪ್ರೊವೈಸೇಶನ್ ಎಂದು ತಿಂಗಳುಗಟ್ಟಲೆ ಬೆವರು ಸುರಿಸಿ ಕಲಿಯುವುದು ಅದನ್ನೇ. ಆದರೆ ನಾಟಕಕಾರ ಬರೆದ ಸಾಲನ್ನು ಒಂದಕ್ಷರ ಹೆಚ್ಚು ಕಡಿಮೆಯಿಲ್ಲದೆ ದಿನಾ ಹೇಳುವ ಶಿಸ್ತು ಮೇಳದವರಿಗೆ ಬೇಸರ ತರಿಸುತ್ತದೆ. ಒಂದು ವರ್ಷ ತಡೆದುಕೊಳ್ಳಿ.

ಪ್ರಶ್ನೆ: ವಯಸ್ಸು 36. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಮನೆ ಸಾಲ, ಇಬ್ಬರು ಮಕ್ಕಳು. ಕೆಲಸ ಬಿಡಲಾರೆ. ನಟನೆಯ ಆಸೆ ಅಷ್ಟಿಲ್ಲ, ಆದರೆ ರಂಗಮಂಚದ ಬೆಳಕು ನನ್ನನ್ನು ಸೆಳೆಯುತ್ತದೆ. ಕಲಿಯಲು ತಡವಾಯಿತೇ?
— ಬೆಂಗಳೂರಿನಿಂದ

ಉತ್ತರ: ಪೂರ್ಣಾವಧಿ ಕೋರ್ಸುಗಳಿಗೆ ತಡವಾಯಿತು, ಹೆಚ್ಚಿನ ಕಡೆ ವಯಸ್ಸಿನ ಮಿತಿ ಇದೆ. ಬೆಳಕಿಗೆ ತಡವಾಗಿಲ್ಲ. ನಟರು ಬೇಕಾದಷ್ಟು ಸಿಗುತ್ತಾರೆ, ಒಳ್ಳೆಯ ದೀಪದವರು ಸಿಗುವುದಿಲ್ಲ ಎಂದು ನಮ್ಮ ನಿರ್ದೇಶಕರು ಗೊಣಗುವುದು ಹಳೆಯ ಮಾತು. ವಿ. ರಾಮಮೂರ್ತಿಯವರು ಬೆಳಕಿನ ಕೆಲಸದಿಂದಲೇ ದೇಶಕ್ಕೆಲ್ಲ ಹೆಸರಾದವರು.

ಶನಿವಾರ, ಭಾನುವಾರ ಕೆಲಸ ಮಾಡುವ ಒಂದು ಹವ್ಯಾಸಿ ತಂಡ ಸೇರಿ, ದೀಪ ಕಟ್ಟುವವರ ಕೈಕೆಳಗೆ ನಿಲ್ಲಿ. ಮೊದಲು ಏಣಿ ಹತ್ತುವುದು, ಸ್ಪಾಟ್ ತಿರುಗಿಸುವುದು, ಬಣ್ಣದ ಜೆಲ್ ಕತ್ತರಿಸುವುದು. ಡಿಮ್ಮರ್ ಬೋರ್ಡು ಮುಟ್ಟಲು ಬಿಡುವುದು ಆಮೇಲೆ. ರವೀಂದ್ರ ಕಲಾಕ್ಷೇತ್ರದಲ್ಲೋ ರಂಗಶಂಕರದಲ್ಲೋ ನಾಟಕ ನೋಡಲು ಹೋದಾಗ ಒಂದು ಸಲ ನಟರನ್ನು ಮರೆತು ಬೆಳಕನ್ನಷ್ಟೇ ನೋಡಿ: ಎಷ್ಟು ಸಲ ಬದಲಾಯಿತು, ಬದಲಾದದ್ದು ನಿಮಗೆ ಗೊತ್ತಾಯಿತೇ? ಗೊತ್ತಾಗದಂತೆ ಬದಲಾದಲ್ಲೆಲ್ಲ ಒಬ್ಬ ಕಸುಬುದಾರ ಕೂತಿದ್ದಾನೆ ಎಂದು ತಿಳಿಯಿರಿ. ಇನ್ನೊಂದು, ಮನೆಯವರನ್ನು ಒಪ್ಪಿಸಿಯೇ ಬನ್ನಿ. ನಾಟಕದ ಹಿಂದಿನ ರಾತ್ರಿ ದೀಪದವರು ಮನೆ ಸೇರುವುದು ಎಲ್ಲರಿಗಿಂತ ಕೊನೆಗೆ.

ಪ್ರಶ್ನೆ: ಹೆಗ್ಗೋಡಿನ ಸಂದರ್ಶನದಲ್ಲಿ ಆಯ್ಕೆಯಾಗಿದ್ದೇನೆ! ಬಯಲುಸೀಮೆಯವಳು, ಮನೆ ಬಿಟ್ಟು ಇದ್ದೇ ಗೊತ್ತಿಲ್ಲ. ಏನೇನು ತೆಗೆದುಕೊಂಡು ಹೋಗಲಿ?
— ರಾಯಚೂರಿನಿಂದ

ಉತ್ತರ: ಮಳೆಗಾಲದಲ್ಲಿ ಹೋಗುತ್ತೀಯವ್ವಾ, ಆದ್ದರಿಂದ ಮೊದಲು ಗಟ್ಟಿಯಾದ ಛತ್ರಿ. ರಾಯಚೂರಿನ ಛತ್ರಿ ಬಿಸಿಲಿಗೆ ಹೊಲಿದದ್ದು, ಮಲೆನಾಡಿನ ಗಾಳಿಗೆ ಅದು ನಿಲ್ಲುವುದಿಲ್ಲ. ಸಾಗರ ಪೇಟೆಯಲ್ಲೇ ಕೊಂಡುಕೋ. ಬಟ್ಟೆ ನಾಲ್ಕು ದಿನವಾದರೂ ಒಣಗುವುದಿಲ್ಲ, ಹಾಗಾಗಿ ತಾಲೀಮಿನ ಸಡಿಲವಾದ ಪೈಜಾಮ, ಟೀ ಶರ್ಟು ನಾಲ್ಕೈದು ಜೊತೆ ಇರಲಿ. ದಪ್ಪ ಹೊದಿಕೆ, ಟಾರ್ಚು, ಇಂಬಳ ಕಚ್ಚಿದರೆ ಹಾಕಲು ಒಂದು ಡಬ್ಬಿ ಉಪ್ಪು ಅಥವಾ ಸುಣ್ಣ. ಗೆರೆಯಿಲ್ಲದ ನೋಟುಪುಸ್ತಕ ತೆಗೆದುಕೋ, ರಂಗಸಜ್ಜಿಕೆಯ ನಕ್ಷೆ ಬಿಡಿಸಲು ಬೇಕಾಗುತ್ತದೆ. ಮೊದಲ ಹದಿನೈದು ದಿನ ತೊಡೆ, ಸೊಂಟ ಎಲ್ಲ ಹಿಡಿದುಕೊಂಡು ಮೆಟ್ಟಿಲು ಇಳಿಯುವುದೂ ಕಷ್ಟವಾಗುತ್ತದೆ. ನೋವಿನ ಎಣ್ಣೆ ಇರಲಿ, ಊರಿಗೆ ಫೋನ್ ಮಾಡಿ ಅಳಬೇಡ. ನಿಮ್ಮ ಕಡೆಯ ಹಾಡುಗಳು, ಅಜ್ಜಿಯ ಗೀಗೀಪದ, ಮೊಹರಂ ಹೆಜ್ಜೆ ಏನು ಗೊತ್ತಿದೆಯೋ ಅದನ್ನೆಲ್ಲ ಹೋಗುವ ಮುಂಚೆ ಇನ್ನೊಮ್ಮೆ ಕೇಳಿಸಿಕೊಂಡು ಹೋಗು. ಅಲ್ಲಿ ಮೊದಲ ವಾರವೇ ಕೇಳುತ್ತಾರೆ. ರಾಯಚೂರಿನ ಮಾತಿನ ಧಾಟಿಯನ್ನು ಯಾರಾದರೂ ನಕ್ಕರೆ ತಿದ್ದಿಕೊಳ್ಳಲು ಹೋಗಬೇಡ. ಆ ವರ್ಷದ ನಾಟಕದಲ್ಲಿ ಒಂದು ಪಾತ್ರಕ್ಕಾದರೂ ಅದು ಬೇಕಾಗುತ್ತದೆ. ಇಲಿಗಳಿರುತ್ತವೆ, ಮನೆಯಿಂದ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಹಿಂಡಿಯನ್ನು ಸ್ಟೀಲ್ ಡಬ್ಬಿಯಲ್ಲೇ ಇಡು.